ನೀಲಿ ಗಾಜಿನ ಚುಕ್ಕೆ

ಜನವರಿ 11

ಊದುಮಾವನಿಗೆ,

ಫೋನಿನಲ್ಲಿ ಹೇಳಿದರೆ ನಿನಗೆ ಅರ್ಧ ಕೇಳಿಸುತ್ತದೆ, ಉಳಿದರ್ಧವನ್ನು ನೀನೇ ಕಟ್ಟಿಕೊಂಡು ಅಮ್ಮನಿಗೆ ಒಪ್ಪಿಸುತ್ತೀಯ. ಹೋದ ಸಲ ನನಗೆ ಬಂದ ನೆಗಡಿ ನಮ್ಮ ಮನೆ ತಲುಪುವಷ್ಟರಲ್ಲಿ ಆಸ್ಪತ್ರೆಗೆ ಸೇರಿಬಿಟ್ಟಿತ್ತು. ನಲವತ್ತು ವರ್ಷ ಗಾಜು ಊದುತ್ತ ಬರ್ನರಿನ ಸದ್ದಿನ ಮುಂದೆ ಕೂತ ಕಿವಿಯನ್ನು ಬೈದು ಏನು ಪ್ರಯೋಜನ. ಅದಕ್ಕೇ ಈ ಕಾಗದ.

ಸುದ್ದಿ ಇಷ್ಟು. ನನ್ನ ಕೆಂಪು ಹರಳಿನ ಪ್ರಬಂಧ ಅಚ್ಚಾಯಿತು. ಸಣ್ಣ ಪತ್ರಿಕೆಯಲ್ಲಲ್ಲ, ನಮ್ಮವರೆಲ್ಲ ಬಾಯಿ ಬಿಟ್ಟು ನೋಡುವಂಥದ್ದರಲ್ಲಿ. ಅಮ್ಮನಿಗೆ ಹೇಳಲು ಸುಲಭವಾಗಲಿ ಎಂದು ಬಿಡಿಸಿ ಬರೆಯುತ್ತೇನೆ. ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ನೈಟ್ರೋಜನ್. ಅದರ ಪರಮಾಣುಗಳು ಎರಡೆರಡಾಗಿ ಒಂದನ್ನೊಂದು ಅವುಚಿಕೊಂಡಿರುತ್ತವೆ, ಯಾರ ಮಾತೂ ಕೇಳುವುದಿಲ್ಲ. ಆ ಜೋಡಿಯನ್ನು ಬಿಡಿಸಲು ಗೊಬ್ಬರದ ಕಾರ್ಖಾನೆಗಳಿಗೆ ಕುಲುಮೆಯಂಥ ಬಿಸಿ ಬೇಕು, ನೂರಾರು ಪಟ್ಟು ಒತ್ತಡ ಬೇಕು. ನನ್ನ ಕೋಬಾಲ್ಟ್ ಸಂಯುಕ್ತ ಅದನ್ನು ತಣ್ಣನೆಯ ಕಪಾಟಿನಲ್ಲಿ ಕೂತುಕೊಂಡು, ಮೂರು ವಾರದಲ್ಲಿ, ಸದ್ದಿಲ್ಲದೆ ಬಿಡಿಸಿದೆ. ಹಾಗೆ ಬಂದ ಕೆಂಪು ಹರಳಿನ ಎಕ್ಸ್-ರೇ ಚಿತ್ರದಲ್ಲಿ ಎರಡು ಕೋಬಾಲ್ಟ್‌ಗಳ ನಡುವೆ ಒಂಟಿ ನೈಟ್ರೋಜನ್ ಕೂತಿದೆ. ಜುಲೈನಲ್ಲಿ ನನ್ನ ಕೆಲಸ ಕಾಯಂ ಮಾಡಬೇಕೋ ಬೇಡವೋ ಎಂದು ಸಮಿತಿ ಕೂರುತ್ತದಲ್ಲ, ಇನ್ನು ಅದರ ಚಿಂತೆ ಇಲ್ಲ ಎಂದು ವಿಭಾಗದ ಮುಖ್ಯಸ್ಥೆ ಮೇಡಂ ತಾವಾಗಿಯೇ ಹೇಳಿದರು.

ಇನ್ನೊಂದು ವಿಷಯ. ಇದೆಲ್ಲ ಆಗಿದ್ದು ಹೋದ ವರ್ಷ ನೀನು ಮಾಡಿ ಕಳಿಸಿದ ಪಾತ್ರೆಯಲ್ಲಿ. ನನ್ನ ವಸ್ತುಗಳ ಜೊತೆ ಬರೀ ನೈಟ್ರೋಜನ್ ಇರಬೇಕು, ಹೊರಗಿನ ಗಾಳಿ ತಾಕಕೂಡದು, ತಾಕಿದರೆ ಕೆಟ್ಟವು. ಅದಕ್ಕೆ ಯಾವ ಪಾತ್ರೆ ಬಂದರೂ ಪಂಪಿಗೆ ಹಾಕಿ, ಒಳಗಿನ ಗಾಳಿ ಎಳೆದು, ಕತ್ತಿನ ಬಿರಡೆ ತಿರುಗಿಸಿ ಮುಚ್ಚಿ, ಮಾರನೇ ದಿನ ಒತ್ತಡ ಅಳೆಯುವ ಮುಳ್ಳು ಜರುಗಿದೆಯೇ ಎಂದು ನೋಡಿಯೇ ಬಳಸುವುದು ನನ್ನ ಪದ್ಧತಿ. ನಿನ್ನದೊಂದನ್ನು ಮಾತ್ರ ಪೆಟ್ಟಿಗೆಯಿಂದ ತೆಗೆದವಳೇ ನೇರ ಬಳಸಿದೆ. ಕತ್ತಿನಲ್ಲಿ ನಿನ್ನ ನೀಲಿ ಚುಕ್ಕೆ ಇದ್ದ ಮೇಲೆ ಇನ್ನೇನು ಪರೀಕ್ಷೆ.

ಶಾಲೆ ಬಿಟ್ಟು ಬಂದು ನಿನ್ನ ಕಾರ್ಯಾಗಾರದ ಸ್ಟೂಲಿನ ಮೇಲೆ ಕೂತು, ಸೋರದ ಪಾತ್ರೆಗಳಿಗೆ ನೀನು ನೀಲಿ ಗಾಜಿನ ಕಡ್ಡಿ ಕರಗಿಸಿ ಒಂದೊಂದೇ ಚುಕ್ಕೆ ಇಡುವುದನ್ನು ನೋಡುತ್ತಿದ್ದೆ. ಇದು ಯಾಕೆ ನೀಲಿ ಎಂದು ಕೇಳಿದ್ದಕ್ಕೆ, ಕೋಬಾಲ್ಟ್ ಅಂತ ಒಂದು ಲೋಹ, ಸಾಸಿವೆಯಷ್ಟು ಸಾಕು ಎಂದಿದ್ದೆ. ಆ ಸಾಸಿವೆಯ ಹಿಂದೆ ಬಿದ್ದು ಇಪ್ಪತ್ತೈದು ವರ್ಷವಾಯಿತು. ನಿನ್ನ ಕೈಯಲ್ಲಿ ನೀಲಿಯಾಗಿದ್ದು ನನ್ನ ಕೈಯಲ್ಲಿ ಕೆಂಪಾಗಿದೆ. ಪ್ರಬಂಧದ ಕೊನೆಯಲ್ಲಿ, ಗಾಜಿನ ಕೆಲಸಕ್ಕಾಗಿ ನನ್ನ ಸೋದರಮಾವನಿಗೆ ಕೃತಜ್ಞಳು ಎಂದು ಬರೆದಿದ್ದೇನೆ. ಜಂಬ ಪಡು, ಆದರೆ ಬೀದಿಯಲ್ಲಿ ಬೇಡ.

ನಿನ್ನ
ಚಿನಕುರುಳಿ


ಜನವರಿ 25

ಚಿನಕುರುಳಿಗೆ,

ನಿನ್ನ ಕಾಗದ ಮೂರು ಸಲ ಓದಿಯಾಯಿತು. ಮೊದಲು ನನಗೆ ನಾನೇ, ಆಮೇಲೆ ಅಕ್ಕನಿಗೆ ಗಟ್ಟಿಯಾಗಿ, ಕೊನೆಗೆ ಅಕ್ಕ ಕರೆದುಕೊಂಡು ಬಂದ ಮೇಲಿನ ಮನೆಯವರಿಗೆ. ನಿನ್ನ ಅಮ್ಮ ಅವರಿಗೆ ನೈಟ್ರೋಜನ್ ವಿವರಿಸಿದ್ದನ್ನು ಕೇಳಿದ್ದರೆ ನೀನು ಡಿಗ್ರಿಗಳನ್ನೆಲ್ಲ ವಾಪಸು ಕೊಟ್ಟುಬಿಡುತ್ತಿದ್ದೆ.

ನಾನು ಎಷ್ಟು ಸಾವಿರ ಪಾತ್ರೆ ಊದಿರಬಹುದೋ ಲೆಕ್ಕವಿಲ್ಲ. ಅವುಗಳಲ್ಲಿ ಯಾರು ಏನು ಮಾಡಿದರು ಎಂದು ಯಾರೂ ನನಗೆ ಬಂದು ಹೇಳಿದ್ದಿಲ್ಲ. ಒಡೆದಾಗ ಮಾತ್ರ ಬರುತ್ತಿದ್ದರು. ಅಚ್ಚಿನಲ್ಲಿ ನನ್ನ ವಿಷಯ ಬಂದದ್ದು ಇದೇ ಮೊದಲು. ಸಂತೋಷವಾಯಿತು ಎಂದು ಬರೆದರೆ ಸಾಲದು, ಆದರೆ ಬೇರೆ ಶಬ್ದ ಸಿಗುತ್ತಿಲ್ಲ.

ಒಂದು ಮಾತು ಕೇಳೋಣ ಅನ್ನಿಸಿತು. ಆ ಪಾತ್ರೆಯ ಬಿರಡೆ ಸಲೀಸಾಗಿ ತಿರುಗುತ್ತದೆಯೇ? ಅದಕ್ಕೆ ಸವರಿದ ಗ್ರೀಸಿನಲ್ಲಿ ಬಿಳಿ ಗೆರೆ ಏನಾದರೂ ಕಾಣುತ್ತದೆಯೇ? ಒಮ್ಮೆ ದೀಪಕ್ಕೆ ಹಿಡಿದು ನೋಡು. ಸುಮ್ಮನೆ ಕೇಳಿದೆ. ವಯಸ್ಸಾದವರಿಗೆ ಮಾಡಿ ಮುಗಿಸಿದ ಕೆಲಸದ ಚಿಂತೆಯೇ ಜಾಸ್ತಿ.

ಊದುಮಾವ


ಮಾರ್ಚ್ 6

ಮಾವ,

ತಡವಾಗಿ ಬರೆಯುತ್ತಿದ್ದೇನೆ. ಮನಸ್ಸು ಸರಿಯಿಲ್ಲ.

ಬೇರೆ ದೇಶದ ಒಂದು ಪ್ರಯೋಗಾಲಯದವರು ನನ್ನ ಪ್ರಬಂಧ ನೋಡಿಕೊಂಡು ಅದೇ ಕೆಂಪು ಹರಳು ಮಾಡಲು ಹೋಗಿದ್ದಾರೆ. ಮೂರು ಪಾತ್ರೆಗಳಲ್ಲಿ ಒಟ್ಟಿಗೇ ಇಟ್ಟರೂ ಬರಲಿಲ್ಲವಂತೆ. ತುಂಬ ಮರ್ಯಾದೆಯಿಂದಲೇ ಬರೆದಿದ್ದಾರೆ, ಆ ಮರ್ಯಾದೆಯೇ ಚುಚ್ಚುತ್ತಿದೆ. ಅವರ ಕೈಯಲ್ಲಿ ಏನೋ ಎಡವಟ್ಟಾಗಿರಬೇಕು ಎಂದುಕೊಂಡು ನಾನೇ ಮಾಡಿದೆ, ಹೊಸ ಪಾತ್ರೆಗಳಲ್ಲಿ, ಐದು ಸಲ. ಮೂರು ವಾರ ಬಿಟ್ಟು ತೆಗೆದರೆ ಐದರಲ್ಲೂ ಹಾಕಿದ್ದು ಹಾಕಿದ ಹಾಗೇ ಹಸಿರಾಗಿ ಕೂತಿತ್ತು. ಜೊತೆಯಲ್ಲಿ ನಿನ್ನ ಪಾತ್ರೆಯಲ್ಲೂ ಒಂದು ಇಟ್ಟಿದ್ದೆ. ಅದರಲ್ಲಿ ಮಾತ್ರ ಸೂಜಿ ಸೂಜಿಯಂಥ ಕೆಂಪು ಹರಳು.

ನಿನ್ನ ಗಾಜಿಗೆ ಏನು ಮಂತ್ರ ಹಾಕಿದ್ದೀಯ ಹೇಳು. ನಗೆಯಾಡುತ್ತಿದ್ದೇನೆ, ಆದರೆ ಪೂರ್ತಿ ನಗೆಯಲ್ಲ. ಒಂದೇ ಒಂದು ಪಾತ್ರೆಯಲ್ಲಿ ಮಾತ್ರ ಆಗುವುದನ್ನು ವಿಜ್ಞಾನ ಎನ್ನುವುದಿಲ್ಲ, ಅದೃಷ್ಟ ಎನ್ನುತ್ತಾರೆ. ಅದೃಷ್ಟಕ್ಕೆ ಯಾರೂ ಕೆಲಸ ಕಾಯಂ ಮಾಡುವುದಿಲ್ಲ. ಜೂನ್ ಮುಗಿಯುವುದರೊಳಗೆ ಇನ್ನೊಂದು ಪಾತ್ರೆಯಲ್ಲಿ ಮಾಡಿ ತೋರಿಸಿ, ಇಲ್ಲವಾದರೆ ಪ್ರಬಂಧ ವಾಪಸು ತೆಗೆದುಕೊಳ್ಳುವ ಮಾತು ಬರುತ್ತದೆ ಎಂದು ಮೇಡಂ ಹೇಳಿದ್ದಾರೆ.

ಅದಕ್ಕೆ ನನಗೆ ಇನ್ನೆರಡು ಮಾಡಿ ಕಳಿಸು ಮಾವ. ಅದೇ ಗಾಜು, ಅದೇ ಅಳತೆ, ಅದೇ ಬಿರಡೆ. ಏನೂ ಬದಲಾಯಿಸಬೇಡ.

ಚಿನಕುರುಳಿ


ಮಾರ್ಚ್ 30

ಚಿನಕುರುಳಿಗೆ ಆಶೀರ್ವಾದ.

ಇದು ಅಕ್ಕನ ಕೈಯಲ್ಲಿ ಬರೆಸುತ್ತಿರುವ ಕಾಗದ. ನನ್ನ ಕನ್ನಡಕ ರಿಪೇರಿಗೆ ಹೋಗಿದೆ. ನಿನ್ನ ಕಾಗದ ತಲುಪಿತು. ಪಾತ್ರೆ ಮಾಡಿ ಕಳಿಸಬಹುದಿತ್ತು, ಆದರೆ ಬರ್ನರ್ ಕೆಟ್ಟಿದೆ. ಸರಿಮಾಡುವವನು ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎಂದು ಆಡಿಸುತ್ತಿದ್ದಾನೆ. ನಿಮ್ಮ ಊರಿನಲ್ಲೂ ಒಳ್ಳೆಯ ಗಾಜಿನ ಕೆಲಸದವರು ಇರುತ್ತಾರೆ, ಅವರ ಹತ್ತಿರ ವಿಚಾರಿಸು. ಹೊತ್ತು ಹೊತ್ತಿಗೆ ಊಟ ಮಾಡು.

ಊದುಮಾವ

(ಇದು ನಾನು, ಅಮ್ಮ. ಅವನು ಹೇಳಿದ್ದನ್ನ ಹೇಳಿದ ಹಾಗೇ ಬರ್ದಿದೀನಿ. ಕನ್ನಡಕ ಅವನ ಮೂಗಿನ ಮೇಲೇ ಇದೆ. ಬರ್ನರ್‌ಗೂ ಏನೂ ಆಗಿಲ್ಲ. ಏನು ವಿಷಯ ಅಂತ ನನ್ನನ್ನ ಕೇಳ್ಬೇಡ, ಅವನನ್ನೇ ಕೇಳು.)


ಏಪ್ರಿಲ್ 9

ಮಾವ,

ಸುಳ್ಳು ಹೇಳುವುದಾದರೆ ಬೇರೆಯವರ ಕೈಯಲ್ಲಿ ಬರೆಸಬೇಕಿತ್ತು. ಅಮ್ಮ ಯಾವತ್ತು ನಿನ್ನ ಪಕ್ಷ ವಹಿಸಿದ್ದಾಳೆ?

ನನ್ನ ಮೇಲೆ ಏನಾದರೂ ಬೇಜಾರಿದೆಯೇ? ಮೂರು ವರ್ಷದಲ್ಲಿ ಎರಡೇ ಸಲ ಮನೆಗೆ ಬಂದಿದ್ದೇನೆ, ಅದೂ ಪ್ರಬಂಧದ ಕಟ್ಟು ಹೊತ್ತುಕೊಂಡು. ಅದಕ್ಕೆ ಬೈಯುವುದಿದ್ದರೆ ಬೈದುಬಿಡು, ಬೈಸಿಕೊಳ್ಳುತ್ತೇನೆ. ನಿನ್ನ ಕಾಗದ ಬರುವ ಮೊದಲೇ ಇಲ್ಲಿನ ಗಾಜಿನ ಕೆಲಸದವರ ಹತ್ತಿರವೂ ಎರಡು ಪಾತ್ರೆ ಮಾಡಿಸಿದ್ದೆ. ಒಳ್ಳೆಯ ಕೆಲಸ, ಒಂದು ಚೂರೂ ಸೋರುವುದಿಲ್ಲ. ಹರಳು ಮಾತ್ರ ಬರಲಿಲ್ಲ.

ಜೂನ್ ಹತ್ತಿರ ಬರುತ್ತಿದೆ. ಊಟ ಸೇರುತ್ತಿಲ್ಲ. ನಿನಗೆ ಏನಾದರೂ ಗೊತ್ತಿದ್ದರೆ ಹೇಳು.

ಚಿನಕುರುಳಿ


ಮೇ 2

ಮಗಳೇ,

ಈ ಕಾಗದವನ್ನು ನಾನೇ ಬರೆಯುತ್ತಿದ್ದೇನೆ. ಅಕ್ಷರ ನೋಡಿದರೆ ಅರ್ಧ ವಿಷಯ ನಿನಗೆ ಗೊತ್ತಾಗುತ್ತದೆ. ಉಳಿದರ್ಧ ಓದು.

ನನ್ನ ಬಲಗೈ ನಡುಗುತ್ತದೆ. ಎರಡು ವರ್ಷವಾಯಿತು. ಮೊದಮೊದಲು ಬೆಳಿಗ್ಗೆ ಮಾತ್ರ ಇತ್ತು, ಚಳಿ ಎಂದು ತಳ್ಳಿಹಾಕಿದೆ. ಆಮೇಲೆ ಬೇಸಿಗೆ ಬಂತು, ಚಳಿಯ ಹೆಸರು ಹೇಳುವ ಹಾಗೂ ಇರಲಿಲ್ಲ. ಗಾಜು ಊದುವುದಕ್ಕೆ ಉಸಿರು ಬೇಕು ಎಂದು ಜನ ತಿಳಿದಿದ್ದಾರೆ. ಉಸಿರು ಯಾರಿಗಿಲ್ಲ ಹೇಳು. ಬೇಕಾದದ್ದು ಒಂದೇ ಸಮ ತಿರುಗುವ ಎರಡು ಕೈ. ಒಂದು ಕೈ ತಪ್ಪಿದರೂ ಬಿಸಿ ಗಾಜು ಒಂದು ಕಡೆಗೆ ಜೋತು ಬೀಳುತ್ತದೆ.

ಹೋದ ವರ್ಷ ನೀನು ಪಾತ್ರೆ ಬೇಕು ಎಂದು ಕೇಳಿದಾಗ, ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಒಂಬತ್ತು ಕೆಡಿಸಿದೆ. ಹತ್ತನೆಯದು ನಿಂತಿತು. ಬಿರಡೆಯದು ಇನ್ನೂ ಕಷ್ಟ. ಅದನ್ನು ಅದರ ಕೊಳವೆಯಲ್ಲಿ ಕೂರಿಸಿ, ನೀರಿನಲ್ಲಿ ಕಲಸಿದ ಉಜ್ಜುಪುಡಿ ಹಾಕಿ, ಒರಟು ಪುಡಿಯಿಂದ ನಯವಾದ ಪುಡಿಯವರೆಗೆ ಗಂಟೆಗಟ್ಟಲೆ ತಿರುಗಿಸಬೇಕು. ಕೈಯ ಭಾರ ಒಂದು ಕಡೆ ಬಿದ್ದರೆ ಅಲ್ಲಿ ಹೆಚ್ಚು ಸವೆಯುತ್ತದೆ. ನನ್ನದು ಬಿತ್ತು. ಗ್ರೀಸು ಸವರಿ ಬೆಳಕಿಗೆ ಹಿಡಿದಾಗ ಒಂದು ಸಣ್ಣ ಬಿಳಿ ಗೆರೆ ಕಂಡಿತು, ಗಾಜಿಗೆ ಗಾಜು ಸರಿಯಾಗಿ ಕೂರದ ಕಡೆ ಹಾಗೆ ಕಾಣುತ್ತದೆ. ಇಲ್ಲಿನ ಕಾಲೇಜಿನ ಪ್ರಯೋಗಾಲಯದ ಹಳೆಯ ಪಂಪಿಗೆ ಹಾಕಿ ಒಂದು ದಿನ ಬಿಟ್ಟು ನೋಡಿದೆ. ಮುಳ್ಳು ಕೂದಲೆಳೆಯಷ್ಟು ಜರುಗಿತ್ತು.

ಆ ಪಾತ್ರೆ ಸೋರುತ್ತದೆ. ನನಗೆ ಗೊತ್ತಿದ್ದೇ ಕಳಿಸಿದೆ. ಕೂದಲೆಳೆ ತಾನೇ, ಯಾರಿಗೆ ಏನಾಗುತ್ತದೆ ಎಂದುಕೊಂಡೆ. ನೀಲಿ ಚುಕ್ಕೆ ಇಡಲು ಮಾತ್ರ ಕೈ ಬರಲಿಲ್ಲ, ಇಡದೇ ಕಳಿಸಿದೆ. ಚುಕ್ಕೆ ಇಲ್ಲದ್ದು ನಿನ್ನ ಕಣ್ಣಿಗೆ ಬೀಳುತ್ತದೆ, ಯಾಕೆ ಮಾವ ಎಂದು ಕೇಳುತ್ತೀಯ, ಆಗ ಕೈಯ ವಿಷಯ ಹೇಳಿದರಾಯಿತು ಎಂದಿದ್ದೆ. ನೀನು ಕೇಳಲಿಲ್ಲ. ಜನವರಿಯ ನಿನ್ನ ಕಾಗದದಲ್ಲಿ ಚುಕ್ಕೆ ಇದೆ ಎಂದು ಓದಿ, ಅದೇ ಸಾಲನ್ನು ಇನ್ನೆರಡು ಸಲ ಓದಿದೆ. ಆಗಲೇ ಹೇಳಬೇಕಿತ್ತು. ಅಚ್ಚಿನಲ್ಲಿ ಬಂದ ಆ ಒಂದು ಸಾಲು ನನ್ನ ಬಾಯಿ ಕಟ್ಟಿಹಾಕಿತು.

ನಿನ್ನ ರಸಾಯನ ನನಗೆ ತಿಳಿಯದು. ಆದರೆ ಉಳಿದ ಪಾತ್ರೆಗಳಲ್ಲಿ ಆಗದ್ದು ನನ್ನದರಲ್ಲಿ ಮಾತ್ರ ಆಗಿದೆ ಎಂದರೆ ಅದಕ್ಕೆ ನನ್ನ ಕೈ ಕಾರಣ, ಮಂತ್ರವಲ್ಲ. ಇನ್ನೆರಡು ಮಾಡಿಕೊಡು ಎಂದೆಯಲ್ಲ, ನಾನು ಇನ್ನು ಯಾವುದನ್ನೂ ಮಾಡಲಾರೆ. ನಿನ್ನ ಕೆಲಸಕ್ಕೆ ಕಲ್ಲು ಹಾಕಿದವನು ನಾನೇ. ಕ್ಷಮಿಸು ಎಂದು ಕೇಳುವುದಕ್ಕೂ ನಾಚಿಕೆಯಾಗುತ್ತದೆ.

ಮಾವ


ಮೇ 29

ಮಾವ,

ನಿನ್ನ ಕಾಗದಕ್ಕೆ ಮೂರು ವಾರಕ್ಕೂ ಹೆಚ್ಚು ದಿನ ಉತ್ತರ ಬರೆಯಲಿಲ್ಲ. ಸಿಟ್ಟು ಬಂದಿತ್ತು. ಮುಚ್ಚಿಡುವುದೇನು, ಮೈಯೆಲ್ಲ ಉರಿಯುವಷ್ಟು ಬಂದಿತ್ತು. ಒಂದು ಸಾಲು ಬರೆದಿದ್ದರೆ ಸಾಕಿತ್ತಲ್ಲ ಎಂದು ನಿನ್ನ ಜೊತೆ ಮನಸ್ಸಿನಲ್ಲೇ ದಿನಕ್ಕೆ ನಾಲ್ಕು ಸಲ ಜಗಳವಾಡಿದೆ.

ಆಮೇಲೆ ಪಾತ್ರೆಯನ್ನು ಕಪಾಟಿನಿಂದ ಇಳಿಸಿ ಮೇಜಿನ ದೀಪಕ್ಕೆ ಹಿಡಿದೆ. ಗ್ರೀಸಿನಲ್ಲಿ ಗೆರೆ ಇತ್ತು, ನೀನು ಹೇಳಿದ ಹಾಗೇ. ಕತ್ತು ಬರಿದಾಗಿತ್ತು. ಒಂದು ವರ್ಷಕ್ಕೂ ಮಿಕ್ಕಿ ದಿನವೂ ಕೈಯಲ್ಲಿ ಹಿಡಿದಿದ್ದೇನೆ, ಒಂದು ಸಲವೂ ನೋಡಿಲ್ಲ. ನಿನ್ನ ಪಾತ್ರೆ ಎಂದರೆ ಚುಕ್ಕೆ ಇದ್ದೇ ಇರುತ್ತದೆ ಎಂದು ತಲೆಯಲ್ಲಿ ಕೂತಿತ್ತು, ಅದನ್ನೇ ಕಣ್ಣಿನಲ್ಲಿ ಕಂಡ ಹಾಗೆ ನಿನಗೆ ಬರೆದೆ. ಗೆರೆ ಇದೆಯೇ ನೋಡು ಎಂದು ನೀನು ಜನವರಿಯಲ್ಲೇ ಕೇಳಿದ್ದೆ. ಅದಕ್ಕೂ ನಾನು ಉತ್ತರ ಕೊಟ್ಟಿರಲಿಲ್ಲ. ಅಷ್ಟು ಹೊತ್ತಿಗೆ ನಿನ್ನ ಮೇಲಿನ ಸಿಟ್ಟು ಅರ್ಧ ಇಳಿಯಿತು.

ಉಳಿದದ್ದನ್ನು ಕೆಲಸ ಮಾಡಿ ಇಳಿಸಿಕೊಂಡೆ. ಒಂದು ಚೂರೂ ಸೋರದ ಪಾತ್ರೆ ತೆಗೆದುಕೊಂಡು, ನೈಟ್ರೋಜನ್ ಬದಲು ಆರ್ಗಾನ್ ಅನಿಲ ತುಂಬಿದೆ. ಅದು ಯಾರ ತಂಟೆಗೂ ಹೋಗದ ಸಾಧು. ನೈಟ್ರೋಜನ್ನಿನ ಸುಳಿವೇ ಇಲ್ಲದ ಆ ಪಾತ್ರೆಗೆ ಸಿರಿಂಜಿನಲ್ಲಿ ಎಳ್ಳಷ್ಟು ಆಕ್ಸಿಜನ್ ಬಿಟ್ಟೆ. ಐದನೇ ದಿನ ಕೆಂಪು ಹರಳು ಬಂತು. ಮತ್ತೆ ಮಾಡಿದೆ, ಮತ್ತೆ ಬಂತು. ಎರಡು ಕೋಬಾಲ್ಟ್‌ಗಳ ನಡುವೆ ಕೂತಿದ್ದದ್ದು ನೈಟ್ರೋಜನ್ ಅಲ್ಲವೇ ಅಲ್ಲ, ನಿನ್ನ ಬಿರಡೆಯ ಗೆರೆಯಲ್ಲಿ ನುಸುಳಿ ಬಂದ ಆಕ್ಸಿಜನ್. ಎಕ್ಸ್-ರೇ ಕಣ್ಣಿಗೆ ಅವೆರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಬೇರೆ ಪರೀಕ್ಷೆಗಳಿಂದ ಗಟ್ಟಿ ಮಾಡಿಕೊಳ್ಳಬೇಕು. ಮಾಡಿಕೊಂಡಿದ್ದೆ, ಆದರೆ ಅನುಮಾನಕ್ಕೆ ಎಡೆ ಕೊಟ್ಟ ಅಂಕಿಗಳನ್ನು ನನಗೆ ಬೇಕಾದ ಹಾಗೆ ಓದಿಕೊಂಡಿದ್ದೆ. ಯಾರೂ ಮಾಡದ್ದನ್ನು ಮಾಡಿದ್ದೇನೆ ಎನ್ನುವ ಆಸೆ ಅಷ್ಟಿತ್ತು.

ನಿನ್ನೆ ಮೇಡಂ ಬಳಿ ಹೋಗಿ ಎಲ್ಲ ಹೇಳಿ, ಪ್ರಬಂಧ ವಾಪಸು ತೆಗೆದುಕೊಳ್ಳುತ್ತೇನೆ ಎಂದೆ. ಅವರು ಎದ್ದು ಬಾಗಿಲು ಮುಚ್ಚಿ ಬಂದು ಹೇಳಿದರು.

“ಗಾಜಿನ ದೋಷ ಅಂತ ಒಂದು ಸಾಲು ಬರೆದುಬಿಡಿ. ಸಮಿತಿಯವರು ಅಷ್ಟಕ್ಕೇ ಸುಮ್ಮನಾಗ್ತಾರೆ.”

“ಗಾಜು ಏನನ್ನೂ ಮುಚ್ಚಿಟ್ಟಿರಲಿಲ್ಲ ಮೇಡಂ. ನಾನು ನೋಡಿರಲಿಲ್ಲ.”

ಪಾತ್ರೆಯನ್ನು ಪರೀಕ್ಷಿಸದೆ ಬಳಸಿದ್ದು ನನ್ನ ತಪ್ಪು ಎಂದು ಬರೆದು ಕಳಿಸಿದೆ. ನೀನು ಊದಿದ ಪಾತ್ರೆ ಒಂದು ವರ್ಷಕ್ಕೂ ಮಿಕ್ಕಿ ನನ್ನ ಕಣ್ಣ ಮುಂದೆ ನಿಜ ಹೇಳುತ್ತಲೇ ಇತ್ತು. ನಿನಗೆ ಕಲ್ಲು ಹಾಕುವಷ್ಟು ಗುರಿ ಎಲ್ಲಿದೆ ಮಾವ, ಕೈ ನಡುಗುತ್ತದಲ್ಲ.

ಡಾಕ್ಟರಿಗೆ ತೋರಿಸು. ಅಮ್ಮನಿಗೆ ಹೇಳು. ಈ ಎರಡು ಮಾಡಿದ ಮೇಲೆ ಕಾಗದ ಬರೆ.

ನಿನ್ನ
ಚಿನಕುರುಳಿ


ಜೂನ್ 16

ಚಿನಕುರುಳಿಗೆ,

ನಿನ್ನ ಅಪ್ಪಣೆಯ ಪ್ರಕಾರ ಎರಡೂ ಆಯಿತು.

ಡಾಕ್ಟರು ಕೈ ಚಾಚಿಸಿದರು, ಒಂದು ಸುರುಳಿ ಬರೆಯಲು ಹೇಳಿದರು. ನಾನು ಬರೆದದ್ದು ನೋಡಿ ಅವರೂ ನಕ್ಕರು, ನಾನೂ ನಕ್ಕೆ. ಪೂರ್ತಿ ಹೋಗುವಂಥದ್ದಲ್ಲ, ಮಾತ್ರೆಯಿಂದ ಸ್ವಲ್ಪ ಹತೋಟಿಗೆ ಬರುತ್ತದೆ ಎಂದರು. ಎರಡು ವರ್ಷ ಹೆದರಿ ಕೂತದ್ದಕ್ಕಿಂತ ಇದು ವಾಸಿ.

ಅಕ್ಕನಿಗೆ ಹೇಳಲು ಒಂದು ವಾರ ಧೈರ್ಯ ಕೂಡಿಸಿಕೊಂಡೆ. ಅವಳು ಸೊಪ್ಪು ಬಿಡಿಸುತ್ತಿದ್ದಳು, ತಲೆ ಕೂಡ ಎತ್ತಲಿಲ್ಲ.

“ನಂಗೆ ಯಾವತ್ತೋ ಗೊತ್ತು. ಎರಡು ವರ್ಷದಿಂದ ನಿನ್ನ ಲೋಟಕ್ಕೆ ಅರ್ಧಾನೇ ಟೀ ಹಾಕ್ತಿದೀನಲ್ಲ, ಯಾಕೆ ಅನ್ಕೊಂಡೆ?”

ನಾನು ಹಾಲು ತುಟ್ಟಿಯಾಗಿದೆ ಎಂದುಕೊಂಡಿದ್ದೆ ಮಗಳೇ.

ನಿನ್ನ ಕೆಲಸ ಏನಾಗುತ್ತದೋ ಎನ್ನುವುದೇ ಈಗ ಚಿಂತೆ. ನನ್ನ ತಪ್ಪು ಎಂದು ಸಮಿತಿಗೆ ನಾನೇ ಬರೆದುಕೊಡುತ್ತೇನೆ. ಬೇಡ ಎನ್ನಬೇಡ.

ಊದುಮಾವ


ಸೆಪ್ಟೆಂಬರ್ 2

ಊದುಮಾವನಿಗೆ,

ಬೇಡ ಎಂದು ಜೂನ್‌ನಲ್ಲೇ ತಂತಿ ಹೊಡೆದ ಹಾಗೆ ಉತ್ತರ ಬರೆದಿದ್ದೆ, ನೆನಪಿರಲಿ. ಸಮಿತಿಯ ತೀರ್ಮಾನ ನಿನ್ನೆ ಕೈಗೆ ಬಂತು. ಕಾಯಂ ಮಾಡಲಿಲ್ಲ. ತೆಗೆದೂ ಹಾಕಲಿಲ್ಲ. ಇನ್ನೊಂದು ವರ್ಷ ನೋಡುತ್ತಾರಂತೆ. ಮೊದಲು ಅಳು ಬಂತು, ಅತ್ತುಬಿಟ್ಟೆ. ನನ್ನ ಜೊತೆಗೆ ಸೇರಿದವರೆಲ್ಲ ಕಾಯಂ ಆದರು. ದೊಡ್ಡ ಪ್ರಬಂಧ ಹೋಗಿ, ಅದರ ಜಾಗದಲ್ಲಿ ಸಣ್ಣದೊಂದು ಬರುತ್ತಿದೆ. ಒಂದು ಕೋಬಾಲ್ಟ್ ಸಂಯುಕ್ತ ಎಳ್ಳಷ್ಟು ಆಕ್ಸಿಜನ್ನನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ ಎನ್ನುವುದರ ಬಗ್ಗೆ. ಯಾರೂ ಬಾಯಿ ಬಿಟ್ಟು ನೋಡುವುದಿಲ್ಲ. ಆದರೆ ಆ ಬೇರೆ ದೇಶದವರು ಮಾಡಿ ನೋಡಿದರು, ಮೊದಲ ಸಲಕ್ಕೇ ಬಂತಂತೆ. ಅದನ್ನು ಓದಿದ ದಿನ ಹೊಟ್ಟೆ ತುಂಬ ಊಟ ಮಾಡಿದೆ. ಕೊನೆಯಲ್ಲಿ ನಿನಗೆ ಕೃತಜ್ಞತೆ ಹೇಳಿದ ಸಾಲು ಹಾಗೇ ಇದೆ, ತೆಗೆದಿಲ್ಲ.

ಇನ್ನು ಈ ಕಾಗದದ ಜೊತೆ ಕಳಿಸಿರುವ ಪೆಟ್ಟಿಗೆಯ ವಿಷಯ. ಬಿರಡೆ ಉಜ್ಜುವುದನ್ನು ನಾನೇ ಕಲಿಯುತ್ತೇನೆ ಎಂದಾಗ ನೀನು ಬರೆದು ಕಳಿಸಿದ ಎಂಟು ಪುಟಗಳನ್ನು ಗೋಡೆಗೆ ಅಂಟಿಸಿಕೊಂಡು, ಇಲ್ಲಿನ ಗಾಜಿನ ಕೆಲಸದವರ ಕೈಕಾಲು ಹಿಡಿದು, ಎರಡು ತಿಂಗಳು ಸಂಜೆಯೆಲ್ಲ ಉಜ್ಜಿದೆ. ಆರು ಬಿರಡೆ ಹಾಳಾದವು. ಪಾತ್ರೆ ಅವರದು, ಬಿರಡೆ ನನ್ನದು. ನನ್ನ ಕಣ್ಣಿಗೆ ಚೆನ್ನಾಗೇ ಇದೆ. ನನ್ನ ಕಣ್ಣಿನ ಯೋಗ್ಯತೆ ನಿನಗೆ ಗೊತ್ತು. ಅದಕ್ಕೇ ಪಂಪಿಗೆ ಹಾಕದೆ ಮೊದಲು ನಿನಗೇ ಕಳಿಸಿದ್ದೇನೆ. ಸರಿಯಿದ್ದರೆ ಹೇಗಾದರೂ ಮಾಡಿ ಒಂದು ಚುಕ್ಕೆ ಇಟ್ಟು ಕಳಿಸು. ಸೊಟ್ಟಗಿದ್ದರೂ ಚಿಂತೆಯಿಲ್ಲ.

ಚಿನಕುರುಳಿ


ಸೆಪ್ಟೆಂಬರ್ 20

ಚಿನಕುರುಳಿಗೆ,

ಪೆಟ್ಟಿಗೆ ಒಡೆಯದೆ ಬಂತು. ನಿನ್ನ ಬಿರಡೆಗೆ ಗ್ರೀಸು ಸವರಿ, ಕೊಳವೆಯಲ್ಲಿ ಕೂರಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬೆರಳಲ್ಲಿ ತಿರುಗಿಸಿಯೂ ನೋಡಿದೆ. ಕೈ ನಡುಗಿದರೂ ಬೆರಳಿನ ತುದಿಗೆ ಇನ್ನೂ ಬುದ್ಧಿ ಇದೆ. ಕಾಲೇಜಿಗೆ ಹೋಗಿ ಪಂಪಿಗೂ ಹಾಕಿದೆ.

ಸೋರುತ್ತದೆ.

ಕೆಳಗಿನ ಅಂಚಿನಲ್ಲಿ, ಹಿಡಿಯ ಎದುರು ಬದಿಗೆ, ಅರ್ಧ ಅಂಗುಲದ ಗೆರೆ. ನಿನ್ನ ಹೆಬ್ಬೆರಳಿನ ಭಾರ ಜಾಸ್ತಿ. ನಯವಾದ ಪುಡಿಗೆ ಬಂದಾಗ ಇನ್ನೇನು ಮುಗಿಯಿತು ಎಂದು ಅವಸರ ಮಾಡಿದ್ದೀಯ, ಚಿಕ್ಕಂದಿನಿಂದ ನಿನ್ನ ಬುದ್ಧಿ ಅದೇ. ಉಳಿದ ಕೆಲಸ ಚೆನ್ನಾಗಿದೆ. ಮೊದಲ ವರ್ಷ ನಾನು ಮಾಡಿದ್ದಕ್ಕಿಂತ ಚೆನ್ನಾಗಿದೆ. ಆದರೆ ಸೋರುತ್ತದೆ.

ಚುಕ್ಕೆ ಇಟ್ಟಿಲ್ಲ. ಈ ಸಲ ಬಾಯಿ ಬಿಟ್ಟು ಹೇಳುತ್ತಿದ್ದೇನೆ, ಚುಕ್ಕೆ ಇಟ್ಟಿಲ್ಲ. ಇನ್ನೆರಡು ದಿನ ನಿಧಾನವಾಗಿ ಉಜ್ಜು. ವಾಪಸು ಕಳಿಸುತ್ತಿರುವ ಪೆಟ್ಟಿಗೆಯ ತಳದಲ್ಲಿ ಹತ್ತಿಯೊಳಗೆ ನನ್ನ ನೀಲಿ ಗಾಜಿನ ಕಡ್ಡಿ ಇದೆ, ನಾಲ್ಕು ಬೆರಳುದ್ದ ಉಳಿದಿತ್ತು. ಅಷ್ಟರಲ್ಲಿ ನಿನ್ನ ಜೀವಮಾನಕ್ಕಾಗುವಷ್ಟು ಚುಕ್ಕೆ ಇವೆ. ಬಿರಡೆ ಮುಚ್ಚಿ, ಒಂದು ದಿನ ಬಿಟ್ಟು ನೋಡಿ, ಮುಳ್ಳು ಕದಲದಿದ್ದರೆ ನೀನೇ ಇಡು. ನನ್ನನ್ನು ಕೇಳಬೇಡ.

ಊದುಮಾವ

(ಇದು ಅಮ್ಮ. ಅರ್ಧ ದಿನ ಅದನ್ನ ಕಿಟಕಿಗೆ ಹಿಡ್ಕೊಂಡು ಕೂತಿದ್ದ. ಸೋರುತ್ತೆ ಅಂತ ನಂಗೆ ಹೇಳೋವಾಗ ಅವನ ಮುಖ ನೀನು ನೋಡ್ಬೇಕಿತ್ತು. ಎರಡು ವರ್ಷದಲ್ಲಿ ಇಷ್ಟು ಖುಷಿಯಾಗಿದ್ದು ನಾನು ನೋಡಿಲ್ಲ. ಇವತ್ತು ಲೋಟ ತುಂಬ ಹಾಕು ಅಂದ. ಹಾಕಿದೆ. ಸ್ವಲ್ಪ ಚೆಲ್ಲಿಕೊಂಡ, ಅಷ್ಟೆ.)